ಶಿಲ್ಪಾಳ ಬಿಳಿ ಚೆಂಡು

"ಶಿಲ್ಪಾ, ನಿನ್ನ ಲಗ್ನ ಮುರದಾಂವ ನಾನಾ ನೋಡವ್ವಾ" ಎಂದು ಕೈ ಮುಗಿದೆ. ಪಕ್ಕದ ಮನೆಯ ಶಿಲ್ಪಾ ಕೊರಳಿನ ಕಂಚಿನ ಪದಕ ತೆಗೆಯದೆಯೇ ನನಗೆ ಚಹಾ ಕೊಡುತ್ತಿದ್ದಳು. ಹತ್ತಾರು ದೇಶಗಳ ಕ್ರೀಡಾಕೂಟದಲ್ಲಿ ಸ್ನೂಕರ್ ಆಡಿ ಅಂದೇ ರಾಯಚೂರಿಗೆ ಮರಳಿದ್ದಳು.

ನಾಲ್ಕು ವರ್ಷದ ಹಿಂದೆ ಚಹಾದಂಗಡಿಯಲ್ಲಿ ಕುಳಿತಿದ್ದಾಗ, ಎದುರಿನ ಸ್ನೂಕರ್ ಪಾರ್ಲರಿನ ಮೆಟ್ಟಿಲನ್ನು ಅವಳು ಹತ್ತುವುದನ್ನು ಕಂಡಿದ್ದೆ. ಅದು ಸಿಗರೇಟು ಸೇದುವ ಗಂಡಸರ ಜಾಗ ಎಂಬುದು ನನ್ನ ತಿಳಿವಳಿಕೆ. ಮರುದಿನವೇ ಬಸ್ಸು ಹತ್ತಿ ಮಾನ್ವಿಗೆ ಹೋದೆ. ಅವಳನ್ನು ಒಪ್ಪಿದ್ದ ವರನ ತಂದೆಗೆ ಎಲ್ಲ ಹೇಳಿ, ಅವರ ಮನೆಯಲ್ಲೇ ಹೊಟ್ಟೆ ತುಂಬ ಉಂಡು ಬಂದೆ. ಸಂಬಂಧ ಮುರಿಯಿತು. ಪದಕದ ಸುದ್ದಿ ಬಂದಾಗಿನಿಂದ ಆ ಊಟ ನೆನೆದು ನಾಚುತ್ತಿದ್ದೆ.

ಶಿಲ್ಪಾ ನಕ್ಕಳು. "ಗೊತ್ತದ ಕಾಕಾ. ಆ ಸಂಬಂಧ ನನಗ ಬ್ಯಾಡಾಗಿತ್ತು, ಅಪ್ಪಗ ಹೇಳಾಕ ಧೈರ್ಯ ಇರಲಿಲ್ಲ. ಅದಕ್ಕ ನೀವು ಚಾ ಕುಡಿಯೋ ಹೊತ್ತು ನೋಡೇ ಮೆಟ್ಟಿಲು ಹತ್ತಿದೆ."

"ಅಂದ್ರ ನನ್ನ ಕೈಲೇ ಮುರಿಸಿದೆ ಏನವ್ವಾ?" ಎಂದೆ. ಅವಳು ಸಮಾಧಾನ ಹೇಳಿದಳು: "ನಮ್ಮ ಆಟದಾಗ ಮೇಜಿನ ಕುಣಿಯೊಳಗ ಬೀಳಸೋ ಚೆಂಡಿಗೆ ಕೋಲು ಹಚ್ಚಂಗಿಲ್ರೀ. ಬಿಳಿ ಚೆಂಡಿಗೆ ಹೊಡೀತೀವಿ, ಅದು ಹೋಗಿ ಆ ಚೆಂಡಿಗೆ ಬಡೀತದ."

ಅವಳಿಗೆ ಒಳ್ಳೆಯದಾಯಿತು, ನಿಜ. ಆದರೆ ನಾನು ಬಸ್ಸು ಹತ್ತಿದ್ದು ಒಳ್ಳೆಯದು ಮಾಡಲು ಅಲ್ಲವಲ್ಲ. ಈಗ ಯಾರದಾದರೂ ಮನೆಯ ಸುದ್ದಿ ನಾಲಿಗೆಯ ತುದಿಗೆ ಬಂದರೆ, ಹಿಂದೆ ಕೋಲು ಹಿಡಿದು ನಿಂತವರು ಯಾರೆಂದು ಒಮ್ಮೆ ತಿರುಗಿ ನೋಡುತ್ತೇನೆ.