ಬಾಟಲಿ ಪೊಲೀಸ್ ಆಗಿದ್ದ ನಮ್ಮತ್ತೆ

ಬಿಸಿನೀರಿಗೆ ಹಾಲಿನ ಪುಡಿ ಬಿದ್ದ ವಾಸನೆ ಬಂದರೆ ಈಗಲೂ ನನಗೆ ನಮ್ಮತ್ತೆ ನೆನಪಾಗುತ್ತಾರೆ. ಪಾಪ, ಬದುಕಿದ್ದಿದ್ದರೆ ಇದಕ್ಕೂ ಕೋಪಿಸಿಕೊಳ್ಳುತ್ತಿದ್ದರು.

ಅತ್ತೆ ಹೆರಿಗೆ ಆಸ್ಪತ್ರೆಯಲ್ಲಿ ಡಯಟೀಶಿಯನ್. ಬಾಣಂತಿಯರು ಏನು ತಿನ್ನಬೇಕು, ಕೂಸಿಗೆ ಹೇಗೆ ಎದೆಹಾಲೂಡಿಸಬೇಕು ಎಂದು ಹೇಳಿಕೊಡುವುದೇ ಅವರ ಕೆಲಸ. ವಾರ್ಡಿಗೆ ಕಾಲಿಟ್ಟರೆ ಮೊದಲು ಮಂಚದ ಪಕ್ಕದ ಕಪಾಟು ತೆಗೆದು ನೋಡುವರು. ಹಾಲಿನ ಬಾಟಲಿ ಸಿಕ್ಕಿತೋ, ತಂದವರ ಗ್ರಹಚಾರ ಬಿಡಿಸುವರು. ನರ್ಸುಗಳು ಅವರಿಗೆ 'ಬಾಟಲಿ ಪೊಲೀಸ್' ಎಂದು ಹೆಸರಿಟ್ಟಿದ್ದರು. ಅತ್ತೆಗೆ ಅದು ಗೊತ್ತಿತ್ತು. ಒಳಗೊಳಗೇ ಹೆಮ್ಮೆಯೂ ಇತ್ತು ಅನ್ನಿ.

ಇಂಥವರ ಸೊಸೆಗೇ ಎದೆಹಾಲು ಸಾಲದೆ ಹೋಯಿತು. ಅತ್ತೆ ಮಾಡದ ಪ್ರಯತ್ನವಿಲ್ಲ. ಹೊತ್ತುಹೊತ್ತಿಗೆ ಬಿಸಿಬಿಸಿ ಊಟ ಬಡಿಸಿದರು, ಬೆನ್ನಿಗೆ ದಿಂಬು ಕೊಟ್ಟರು, ನಾನು ಮಗುವನ್ನು ಹಿಡಿಯುವ ಬಗೆ ತಿದ್ದಿದರು. ಮಗು ಚೀಪಿ ಚೀಪಿ ಸುಸ್ತಾಗಿ ಅಳುತ್ತಿತ್ತು, ಅದರ ಜೊತೆ ನಾನೂ. ಕೊನೆಗೆ ಡಾಕ್ಟರು ಪುಡಿಹಾಲನ್ನೂ ಕೊಡಿ ಎಂದರು. ಅತ್ತೆ ತುಟಿಪಿಟಕ್ಕೆನ್ನಲಿಲ್ಲ. ನೀರು ಕುದಿಸಿ, ಚಮಚದ ಪುಡಿಯನ್ನು ಚಾಕುವಿನಿಂದ ಸಮಮಾಡಿ, ಬಾಟಲಿಗೆ ಹಾಕಿ ಕಲಸುವುದನ್ನು ತೋರಿಸಿಕೊಟ್ಟರು. ಬೈದಿದ್ದರೆ ವಾಸಿಯಿತ್ತು. ಕೈಲಾಗದವಳು ಎಂದುಕೊಂಡಿದ್ದಾರೆ ಅಂತ ನಾನೇ ತೀರ್ಮಾನಿಸಿಬಿಟ್ಟೆ.

ಮಗುವಿನ ತೂಕ ನೋಡಿಸಲು ಅತ್ತೆಯ ಆಸ್ಪತ್ರೆಗೇ ಹೋಗಬೇಕಾಯಿತು. ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಚೀಲದ ತಳಕ್ಕೆ ತುರುಕಿದ್ದೆ. ನನ್ನ ಮಾನ ಹೋದರೆ ಹೋಗಲಿ, ಅತ್ತೆಯ ಮಾತಿಗೆ ಅಲ್ಲಿದ್ದ ಬೆಲೆ ಹೋಗಬಾರದಲ್ಲ! ಗೋಡೆ ಪಕ್ಕದ ಬೆಂಚಿನ ತುಂಬ ಬಾಣಂತಿಯರು, ಅವರ ಅಮ್ಮಂದಿರು. ನಮ್ಮ ಸರದಿ ಬರುವ ಮೊದಲೇ ಮಗು ರಂಪ ಶುರುಮಾಡಿತು. ತೊಡೆ ಅಲ್ಲಾಡಿಸಿದೆ, ಬೆನ್ನು ತಟ್ಟಿದೆ, ಚೀಲವನ್ನು ಮಾತ್ರ ಮುಟ್ಟಲಿಲ್ಲ.

ಅಳು ಕೇಳಿ ಅತ್ತೆ ತಮ್ಮ ಕೋಣೆಯಿಂದ ಬಂದರು.

"ಬಾಟಲಿ ಎಲ್ಲಿ?"

"ಅತ್ತೆ, ಎಲ್ಲರೂ ನೋಡ್ತಿದಾರೆ," ಎಂದು ಪಿಸುಗುಟ್ಟಿದೆ.

"ನೋಡ್ಲಿ ಬಿಡು."

ತಾವೇ ಚೀಲಕ್ಕೆ ಕೈಹಾಕಿ ಬಾಟಲಿ ತೆಗೆದರು. ಮಗುವನ್ನೆತ್ತಿಕೊಂಡು ನನ್ನ ಪಕ್ಕದಲ್ಲೇ ಕೂತು ಕುಡಿಸತೊಡಗಿದರು. ತೂಕ ಮಾಡುವ ನರ್ಸಿಗೆ ನಗು ತಡೆಯಲಾಗಲಿಲ್ಲ.

"ಏನ್ ಮೇಡಂ, ಪೊಲೀಸರ ಮನೇಲೇ ಕಳ್ಳತನಾನಾ?"

ಅತ್ತೆ ತಲೆಯೆತ್ತಿದರು. "ಕಳ್ಳತನ ಏನ್ ಬಂತು? ನಮ್ಮ ಸೊಸೆ ಕೈಲಾದಷ್ಟೂ ಮಾಡಿದಾಳೆ, ಕೈಲಾಗದಷ್ಟೂ ಮಾಡಿದಾಳೆ. ನಾನು ಕಣ್ಣಾರೆ ಕಂಡಿದೀನಿ. ಕಮ್ಮಿ ಬಿದ್ದಿದ್ದನ್ನ ನಾನು ಕುಡಿಸ್ತೀನಿ."

ಮಗುವಿಗಿಂತ ಹೆಚ್ಚು ಹಸಿದಿದ್ದವಳು ನಾನು, ಆ ಮಾತಿಗೆ. ಅಷ್ಟು ಜನರ ಎದುರು ಅವರ ಭುಜಕ್ಕೆ ತಲೆಯಿಟ್ಟು ಗಳಗಳ ಅತ್ತುಬಿಟ್ಟೆ.

"ಅಳು, ಅಳು," ಎಂದರು ಅತ್ತೆ. "ಆದ್ರೆ ಭುಜ ಅಲ್ಲಾಡಿಸ್ಬೇಡ ಮಾರಾಯ್ತಿ, ಮಗು ಕುಡೀತಿದೆ."