ಬರಿಮೈಯವರ ಕೋಣೆ

ರೋಸ್ಟಾಕಿನಲ್ಲಿ ಟ್ರಾಮ್ ಓಡಿಸುತ್ತಿದ್ದ ರೋಸ್ವಿತಾಳ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಜಾತಿ: ಸಮುದ್ರದ ದಂಡೆಯಲ್ಲಿ ಬಟ್ಟೆ ಕಳಚುವವರು, ಕಳಚದವರು. ಕಳಚದವರ ಮೇಲೆ ಅವಳಿಗೆ ದ್ವೇಷವೇನೂ ಇರಲಿಲ್ಲ. ಪಾಪ, ಒದ್ದೆ ಚಡ್ಡಿಯಲ್ಲಿ ಕೂತು ಶೀತ ಹಿಡಿಸಿಕೊಳ್ಳುತ್ತವಲ್ಲ ಎಂದು ಮರುಗುತ್ತಿದ್ದಳು, ಅಷ್ಟೆ.

ಅವಳು ಬೆಳೆದದ್ದೇ ಹಾಗೆ. ವಾರ್ನೆಮ್ಯುಂಡೆಯ ದೀಪಸ್ತಂಭ ದಾಟಿ ಪಡುವಣಕ್ಕೆ ನಡೆದರೆ ಅಪ್ಪ, ಅಮ್ಮ, ಪಕ್ಕದ ಮನೆಯ ಪೋಸ್ಟ್‌ಮಾಸ್ಟರು, ಶಾಲೆಯ ಗಣಿತದ ಮೇಷ್ಟ್ರು, ಎಲ್ಲರೂ ಹುಟ್ಟಿದ ಹಾಗೆ ಮರಳಿನಲ್ಲಿ ಬಿದ್ದುಕೊಂಡು ಬೇಸಗೆ ಕಳೆಯುತ್ತಿದ್ದರು. ಅಲ್ಲೂ ಕಟ್ಟುಪಾಡು ಇತ್ತು. ಕೂರುವಾಗ ಕೆಳಗೆ ನಿನ್ನದೇ ಟವೆಲ್ ಹಾಸಿಕೋ. ಯಾರನ್ನೂ ದಿಟ್ಟಿಸಬೇಡ, ಹಾಗಂತ ಮುಖ ತಿರುಗಿಸಲೂ ಬೇಡ. ಬರಿಮೈಯವರ ನಡುವೆ ಬಟ್ಟೆ ತೊಟ್ಟು ಕೂರುವುದು ಮಾತ್ರ ಮಹಾ ಅಪಚಾರ. ಮೈತುಂಬ ಬಟ್ಟೆ ಇದ್ದವನೇ ಅಲ್ಲಿ ನಾಚಿಕೆಗೆಟ್ಟವನು.

ಟ್ರಾಮ್ ಕಲಿಯಲು ಡ್ರೆಸ್ಡೆನ್‌ಗೆ ಕಳಿಸಿದಾಗ ಹಾಸ್ಟೆಲಿನ ಕೋಣೆಯಲ್ಲಿ ಅವಳ ಜೊತೆಗೆ ಬಿದ್ದವಳು ಮಾರ್ಲೀಸ್. ಕೆಂಪು ಕೂದಲು, ದೊಡ್ಡ ಬಾಯಿ, ಹಡಗುಕಟ್ಟೆಯ ವೆಲ್ಡರನ ಮಗಳು. ರೋಸ್ವಿತಾ ಪೆಟ್ಟಿಗೆ ಕೆಳಗಿಟ್ಟವಳೇ ಕೇಳಿಬಿಟ್ಟಳು:

"ನೋಡೇ, ಕೋಣೇಲಿ ಬಟ್ಟೆ ಹಾಕ್ಕೊಂಡಿರೋದು ನಂಗಾಗಲ್ಲ. ನಿಂಗೇನಾದ್ರೂ ತೊಂದ್ರೆನಾ?"

"ತೊಂದ್ರೆನಾ? ಅಯ್ಯೋ ಬದುಕಿದೆ ಮಾರಾಯ್ತಿ! ಆರು ವಾರ ನೈಟಿ ತೊಟ್ಟು ಸಾಯ್ಬೇಕಲ್ಲ ಅಂತ ಬಸ್ಸಲ್ಲಿ ಅಳ್ತಾ ಬಂದಿದ್ದೆ," ಎಂದು ಮಾರ್ಲೀಸ್ ನಿಂತ ನಿಲುವಿನಲ್ಲೇ ಬಟ್ಟೆ ಬಿಚ್ಚಿ ಮಂಚದ ಮೇಲೆ ಎಸೆದಳು.

ಅಲ್ಲಿಂದ ಶುರುವಾದ ಗೆಳೆತನ ಅದು. ಪೂರ್ವ ಪಶ್ಚಿಮಗಳ ನಡುವಿನ ಗೋಡೆ ಬಿತ್ತು, ಅವರು ಹುಟ್ಟಿದ ದೇಶವೇ ಹೋಯಿತು, ಇಬ್ಬರ ಗಂಡಂದಿರೂ ಹೋದರು, ಒಬ್ಬಾತ ಮಸಣಕ್ಕೆ, ಇನ್ನೊಬ್ಬಾತ ಬೇರೊಬ್ಬಳ ಮನೆಗೆ. ಇಬ್ಬರೂ ಕೂಡಿ ಇರುವ ಕೋಣೆ ಮಾತ್ರ ಹೋಗಲಿಲ್ಲ. ಇಬ್ಬರೂ ದುಡಿಯುತ್ತಿದ್ದ ಟ್ರಾಮ್ ಡಿಪೋದ ಹೆಂಗಸರೆಲ್ಲ ಸೇರಿ ಮರದ ಚೆಂಡು ಉರುಳಿಸಿ ಗೂಟ ಬೀಳಿಸುವ ಕೂಟ ಕಟ್ಟಿಕೊಂಡಿದ್ದರು. ಪ್ರತಿ ಸೆಪ್ಟೆಂಬರ್‌ನಲ್ಲಿ ಎಲ್ಲಿಗಾದರೂ ಪ್ರವಾಸ. ಕೋಣೆ ಹಂಚುವ ಇಲೋನಾ "ಆ ಬರಿಮೈ ಎರಡನ್ನೂ ಮೊದ್ಲು ಒಂದ್ಕಡೆ ಹಾಕ್ಬಿಡ್ತೀನಪ್ಪ, ಆಮೇಲೆ ಮನುಷ್ಯರನ್ನ ನೋಡೋಣ" ಎನ್ನುತ್ತಿದ್ದಳು.

ಒಂದು ವರ್ಷ ಮಾರ್ಲೀಸ್‌ಗೆ ಜ್ವರ ಬಂದು ರೋಸ್ವಿತಾ ಪಶ್ಚಿಮದ ಹ್ಯಾನೋವರ್ ಕಡೆಯ ಹೊಸ ಗುಮಾಸ್ತೆಯ ಜೊತೆ ಇರಬೇಕಾಯಿತು. ಕೇಳಿದ್ದಕ್ಕೆ ಆ ಹೆಂಗಸು "ಪರವಾಗಿಲ್ಲ, ನಿಮ್ಮಿಷ್ಟ" ಎಂದು ಬೆಣ್ಣೆಯಂಥ ನಗು ನಕ್ಕು, ಆಮೇಲೆ ಕೆಳಗಿಳಿದು ಹೋಗಿ ಇಲೋನಾಳ ಹತ್ತಿರ ಗೋಳಾಡಿ ಬಂದಳು. ಬಾಯಲ್ಲಿ ಒಂದು, ಹೊಟ್ಟೆಯಲ್ಲಿ ಇನ್ನೊಂದು. ರೋಸ್ವಿತಾ ಮೂರು ದಿನ ಪ್ಯಾಂಟು ಶರ್ಟಿನಲ್ಲೇ ಮಲಗಿ, ಇನ್ನು ಮಾರ್ಲೀಸ್ ಇಲ್ಲದೆ ಎಲ್ಲಿಗೂ ಹೊರಡುವುದಿಲ್ಲ ಎಂದು ಶಪಥ ಮಾಡಿದಳು.

ಹೀಗಿರುವಾಗ ಒಂದು ಫೆಬ್ರುವರಿಯಲ್ಲಿ ಕ್ಯಾನ್ಸರ್ ಎಂದು ರೋಸ್ವಿತಾಳ ಎಡಮೊಲೆಯನ್ನು ತೆಗೆದರು. ಜೀವ ಉಳಿಯಿತು. ಆಸ್ಪತ್ರೆಯವರು ಬ್ರಾ ಒಳಗಿಡಲು ಸಿಲಿಕೋನಿನ ಗಡ್ಡೆ ಕೊಟ್ಟರೆ ಅವಳು ಅದನ್ನು ಮೇಜಿನ ಡ್ರಾಯರಿಗೆ ತಳ್ಳಿದಳು. ಮಾರ್ಲೀಸ್ ದಿನ ಬಿಟ್ಟು ದಿನ ಬಂದಳು, ಕೋಳಿ ಸಾರು ತಂದಳು, ಪ್ಲಮ್ ಹಣ್ಣಿನ ಕೇಕ್ ತಂದಳು, ಕಿಟಕಿ ಒರೆಸಿದಳು. ಬೇರೆ ಯಾರೂ ಅಷ್ಟು ಮಾಡುವುದಿಲ್ಲ. ಅದನ್ನು ಇಲ್ಲವೆಂದರೆ ನಾಲಿಗೆ ಬಿದ್ದುಹೋದೀತು.

ಆದರೆ ಆ ಬೇಸಗೆ ರೋಸ್ವಿತಾ ದಂಡೆಗೆ ಹೋಗಲಿಲ್ಲ. ಕನ್ನಡಿಯ ಮುಂದೆ ನಿಂತು ನೋಡಿಕೊಂಡಿದ್ದಳು: ಕಂಕುಳಿನಿಂದ ಎದೆಯ ನಡುವಿನವರೆಗೆ ಒಂದು ಗೀರು, ಕೆಳಗೆ ಚಪ್ಪಟೆ. ಹಾಳಾಗಲಿ, ಮೈ ಅಂದಮೇಲೆ ಮೈ, ಎಂದುಕೊಂಡಳು. ಹೆರಿಗೆಯ ಗೆರೆ, ಉಬ್ಬಿದ ನರ, ಯುದ್ಧದಲ್ಲಿ ಕಾಲು ಕಳೆದುಕೊಂಡವರು, ದಂಡೆ ಏನನ್ನು ನೋಡಿಲ್ಲ! ಆದರೂ ಧೈರ್ಯ ಸಾಲಲಿಲ್ಲ. ಕೊನೆಗೆ ಒಂದು ನಿರ್ಧಾರ ಮಾಡಿದಳು. ಸೆಪ್ಟೆಂಬರ್ ಪ್ರವಾಸದಲ್ಲಿ ಮೊದಲು ಮಾರ್ಲೀಸ್ ಎದುರು ಬಟ್ಟೆ ಕಳಚುವುದು. ಅದೊಂದು ದಾಟಿದರೆ ಮುಂದಿನ ವರ್ಷ ದಂಡೆ. ಅದು ದಾಟದಿದ್ದರೆ ಏನು ಎಂದು ಯೋಚಿಸಲೇ ಇಲ್ಲ, ಮಾರ್ಲೀಸ್ ಅಲ್ಲವೇ!

ಆ ವರ್ಷ ಹಾರ್ಟ್ಸ್ ಬೆಟ್ಟದ ಊರು. ಮಧ್ಯಾಹ್ನ ಕೋಣೆ ಸೇರಿದರು. ಬಂದೊಡನೆ ಇಬ್ಬರದೂ ಒಂದು ಪದ್ಧತಿ ಇತ್ತು. ಕಿಟಕಿ ತೆರೆದು, ಕುರ್ಚಿಗಳಿಗೆ ಟವೆಲ್ ಹಾಸಿ, ಸ್ನಾನ ಮಾಡಿ ಹಾಗೇ ಬಂದು ಕೂತು, ಮನೆಯಿಂದ ತಂದ ಬೇಯಿಸಿದ ಮೊಟ್ಟೆ, ತಣ್ಣನೆಯ ಮಾಂಸದುಂಡೆ ತಿನ್ನುತ್ತ ಒಂದು ಪುಟ್ಟ ಬಾಟಲಿ ಸೆಕ್ಟ್ ಎಂಬ ನೊರೆವೈನು ಮುಗಿಸುವುದು. ರೋಸ್ವಿತಾ ಮೊದಲು ಸ್ನಾನ ಮಾಡಿ ಬಂದಳು. ಬರಿಮೈಯಲ್ಲಿ ಕಿಟಕಿಯ ಹತ್ತಿರ ಕೂತು ಎರಡು ಲೋಟಕ್ಕೆ ಸೆಕ್ಟ್ ಸುರಿದಳು. ಅವಳು ಹೊರಬಂದಾಗ ಮಾರ್ಲೀಸ್ ತನ್ನ ಪೆಟ್ಟಿಗೆಯಲ್ಲಿ ತಲೆ ಹುದುಗಿಸಿ ಏನೋ ಹುಡುಕುತ್ತಿದ್ದಳು. ಹಾಗೇ ಸ್ನಾನಕ್ಕೆ ಹೋದಳು. ಒಳಗಿನಿಂದ ಚಿಲಕ ಬಿದ್ದ ಸದ್ದಾಯಿತು. ಆ ಬಾಗಿಲಿಗೆ ಅವರಿಬ್ಬರೂ ಎಂದೂ ಚಿಲಕ ಹಾಕಿದವರಲ್ಲ.

ಮಾರ್ಲೀಸ್ ಹೊರಬಂದಾಗ ಮೈಮೇಲೆ ನೀಲಿ ನಿಲುವಂಗಿ. ಕತ್ತಿನಿಂದ ಪಾದದವರೆಗೆ. ಹೊಚ್ಚ ಹೊಸದು, ಅಂಗಡಿಯ ಮಡಿಕೆ ಇನ್ನೂ ಹೋಗಿರಲಿಲ್ಲ. ನಡುಪಟ್ಟಿಗೆ ಎರಡು ಗಂಟು ಬಿಗಿದಿದ್ದಳು.

"ಏನೇ ಇದು?"

"ಹೂಂ... ಸ್ವಲ್ಪ ಚಳಿ ಕಣೇ."

"ಕಿಟಕೀಲಿ ಬಿಸ್ಲು ಸುಡ್ತಾ ಇದೆ. ಯಾರಿಗೇ ಹೇಳ್ತೀಯ ಈ ಕಥೆ?"

ಮಾರ್ಲೀಸ್ ಮಂಚದ ತುದಿಯಲ್ಲಿ ಕೂತು ಪರದೆಯ ಹೂವುಗಳ ಜೊತೆ ಮಾತಾಡಿದಳು. "ನಿಂಗೋಸ್ಕರಾನೇ ತಗೊಂಡೆ ರೋಸಿ. ನನ್ನ ಎರಡನ್ನೂ ನೇತಾಡಿಸ್ಕೊಂಡು ನಿನ್ನ ಮುಂದೆ ಕೂತ್ರೆ ನಿಂಗೆ ಹೊಟ್ಟೆ ಉರಿಯಲ್ವಾ? ನಂಗೆ ಮನಸ್ಸು ಬರ್ಲಿಲ್ಲ."

"ನಂಗ್ಯಾಕೆ ಉರೀಬೇಕು? ತೆಗಿ ಅದನ್ನ. ತೆಗ್ದು ನನ್ನ ಕಡೆ ನೋಡು."

"ನೋಡಿದ್ನಲ್ಲ, ಬಿಡು."

"ಎಲ್ಲಿ ನೋಡ್ದೆ? ಬಂದಾಗ್ಲಿಂದ ಪರದೆ ನೋಡ್ತಿದ್ದೀಯ. ಒಂದ್ಸಲ ನೋಡೇ ಮಾರ್ಲೀಸ್. ಮಾಮೂಲಿ ನೋಡ್ತೀಯಲ್ಲ, ಹಾಗೆ."

ಮಾರ್ಲೀಸ್ ಪ್ರಯತ್ನ ಮಾಡಿದಳು. ಕಣ್ಣು ಅಲ್ಲಿಯವರೆಗೆ ಬಂತು, ಕಾದ ಹಂಚು ಮುಟ್ಟಿದಂತೆ ಹಿಂದೆ ಹೋಯಿತು. "ಇವತ್ತೊಂದಿನ ಬಿಟ್ಬಿಡೇ, ಕೈ ಮುಗೀತೀನಿ," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ಒಳ್ಳೆಯವಳೇ, ಹಾಳು ಒಳ್ಳೆಯವಳು.

ಇಷ್ಟು ವರ್ಷ ಸಾವಿರಾರು ಜನರ ನಡುವೆ ಬರಿಮೈಯಲ್ಲಿ ಓಡಾಡಿದ ರೋಸ್ವಿತಾಗೆ ತಾನು ಬೆತ್ತಲೆಯಾಗಿದ್ದೇನೆ ಅನಿಸಿದ್ದು ಅದೇ ಮೊದಲು. ಎದ್ದು ಕುಪ್ಪಸ ಹಾಕಿಕೊಂಡಳು, ಕತ್ತಿನವರೆಗೆ ಗುಂಡಿ ಹಾಕಿದಳು. ನಿಧಾನವಾಗಿಯೇ ಹಾಕಿದಳು, ಬೇಡ ಕಣೇ ತೆಗಿ ಅನ್ನಲಿ ಎಂದು. ಕೊನೆಯ ಗುಂಡಿ ಬೀಳುತ್ತಲೂ ಮಾರ್ಲೀಸ್ "ಉಸ್ಸಪ್ಪ" ಎಂದು ಉಸಿರು ಬಿಟ್ಟಳು. ಪರದೆಯಿಂದ ತಿರುಗಿ ಅವಳ ಮುಖ ನೋಡಿ ನಕ್ಕಳು. ಮೊಟ್ಟೆ ಸುಲಿಯುತ್ತ, ಇಲೋನಾ ಕೂದಲಿಗೆ ಬಳಿದುಕೊಂಡ ಬಣ್ಣದ ಬಗ್ಗೆ ಹರಟೆ ಶುರುಮಾಡಿದಳು. ಊಟದ ಹೊತ್ತಿಗೆ ಎಲ್ಲರೆದುರು ಗೆಳತಿಯ ಹೆಗಲ ಮೇಲೆ ಕೈ ಹಾಕಿ ಕೂತಿದ್ದಳು. ನಿಲುವಂಗಿಯ ಸುದ್ದಿಯನ್ನೂ ಅವಳೇ ಹೇಳಿರಬೇಕು. "ಎಷ್ಟು ಸೂಕ್ಷ್ಮ ನೋಡಿ ಮಾರ್ಲೀಸ್‌ದು, ರೋಸಿ ಮನಸ್ಸು ನೋಯಬಾರ್ದು ಅಂತ," ಎಂದು ಕೂಟದ ಹೆಂಗಸರು ಚಳಿಗಾಲವಿಡೀ ಹೊಗಳಿದರು.

ಮುಂದಿನ ಜುಲೈಯಲ್ಲಿ ಮಾರ್ಲೀಸ್ ಫೋನ್ ಮಾಡಿ ದಂಡೆಗೆ ಕರೆದಳು. ರೋಸ್ವಿತಾ ಮಂಡಿನೋವು ಎಂದಳು. ಮಾರ್ಲೀಸ್ ಎರಡನೇ ಸಲ ಕರೆಯಲಿಲ್ಲ.

ಆಗಸ್ಟಿನ ಒಂದು ವಾರದ ದಿನ ರೋಸ್ವಿತಾ ಒಬ್ಬಳೇ ಹೋದಳು. ದೀಪಸ್ತಂಭ ದಾಟಿ, ಮರಳದಿಬ್ಬ ಇಳಿದು, ಚಿಕ್ಕಂದಿನಿಂದ ಕೂರುತ್ತಿದ್ದ ಜಾಗದಲ್ಲಿ ಟವೆಲ್ ಹಾಸಿ ನಿಂತಳು. ಮೈಮೇಲೆ ಉದ್ದ ತೋಳಿನ ಅಂಗಿ. ಕೈ ಮೇಲಿನ ಗುಂಡಿಯವರೆಗೆ ಹೋಯಿತು, ಅಲ್ಲೇ ನಿಂತಿತು. ಸುತ್ತ ಯಾರೂ ಅವಳತ್ತ ನೋಡುತ್ತಿರಲಿಲ್ಲ. ಆದರೆ ಕಣ್ಣು ಹಿಂದೆ ಸರಿಯುವುದು ಹೇಗಿರುತ್ತದೆಂದು ಅವಳು ಕಂಡಾಗಿತ್ತು.

ಪಕ್ಕದಲ್ಲಿ ಬಿಸಿಲಿಗೆ ಬೆನ್ನು ಕೊಟ್ಟು ಪೇಪರ್ ಓದುತ್ತಿದ್ದ ಮುದುಕ, ಮೈಮೇಲೆ ಟೋಪಿಯೊಂದೇ ಇದ್ದಾತ, ತಲೆಯೆತ್ತಿ ತುಂಬ ಮರ್ಯಾದೆಯಿಂದ ಹೇಳಿದ:

"ಅಮ್ಮಾ, ಹೊಸಬ್ರು ಅನ್ಸುತ್ತೆ. ಬಟ್ಟೆಯವ್ರ ದಂಡೆ ಆ ಕಡೆ ಇದೆ."

"ಹೌದಾ, ಗೊತ್ತಾಗ್ಲಿಲ್ಲ," ಎಂದಳು ರೋಸ್ವಿತಾ. ಟವೆಲ್ ಕೊಡವಿ ಮಡಚಿಕೊಂಡು ಅವನು ತೋರಿಸಿದ ಕಡೆಗೆ ನಡೆದಳು.