ದಿಬ್ಬಣದ ಲಾರಿ ನಿಂತ ಮಧ್ಯಾಹ್ನ

ಅದು ೧೯೭೮ರ ಬೇಸಿಗೆ. ಆಗ ನಾವು ಬೆಳಗಾವಿಯ ಕೋಟೆಯ ಹತ್ತಿರ ಒಂದು ಚಾಳಿನಲ್ಲಿ ಬಾಡಿಗೆಗಿದ್ದೆವು. ನಮ್ಮವರು ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತರು. ಅವರಿಗೆ ಜೇನು ಸಾಕುವ ಹುಚ್ಚು. ಹಿತ್ತಲಲ್ಲಿ ಎರಡು ಪೆಟ್ಟಿಗೆ ಇಟ್ಟಿದ್ದರು. ಒಂದು ದಿನ ಪಕ್ಕದ ಮನೆಯ ಅಜ್ಜಿಯ ಹುಬ್ಬಿಗೆ ಹುಳ ಕಚ್ಚಿ, ಅವರ ಮುಖ ಕುಂಬಳಕಾಯಿಯಂತೆ ಊದಿಕೊಂಡಿತು. ಚಾಳಿನವರೆಲ್ಲ ನಮ್ಮ ಬಾಗಿಲಿಗೆ ಬಂದು, "ಹುಳಾನರ ಬಿಡ್ರಿ, ಮನೀನರ ಬಿಡ್ರಿ" ಅಂದರು.

ಖಾನಾಪುರದಿಂದ ಪಶ್ಚಿಮಕ್ಕೆ, ಕಾಡಿನಂಚಿನಲ್ಲಿ, ನಮ್ಮವರಿಗೆ ಸೋದರತ್ತೆಯಿಂದ ಬಂದ ತುಂಡು ಭೂಮಿ ಇತ್ತು. ಡಾಂಬರು ರಸ್ತೆಯಲ್ಲಿ ಬಸ್ಸಿಳಿದು ಗುಡ್ಡ ಹತ್ತಬೇಕು. ಎತ್ತಿನ ಗಾಡಿಯ ಜಾಡು ಬಿಟ್ಟರೆ ಬೇರೆ ದಾರಿ ಇಲ್ಲ. ಸುತ್ತ ಮನುಷ್ಯರ ಸುಳಿವಿಲ್ಲ, ಹತ್ತಿರದ ವಾಡಿ ಎಂದರೂ ಗುಡ್ಡದ ಆಚೆ. ಪೆಟ್ಟಿಗೆಗಳನ್ನು ಅಲ್ಲಿಗೆ ಒಯ್ದು ಇಡುವುದು, ಶನಿವಾರ-ಭಾನುವಾರ ಉಳಿಯಲು ಒಂದೇ ಒಂದು ಖೋಲಿ ಕಟ್ಟುವುದು ಎಂದು ಇವರು ತೀರ್ಮಾನಿಸಿದರು.

ಒಂದು ಖೋಲಿ ಕಟ್ಟುವುದೆಂದರೆ ಏನು ಮಹಾ ಎಂದುಕೊಂಡಿದ್ದೆ. ಬಾಗಿಲ ಚೌಕಟ್ಟು ತಂದ ಗಾಡಿ ಹಳ್ಳದಲ್ಲಿ ಮಗುಚಿ, ಚೌಕಟ್ಟು ಒಂದು ದಿನವೆಲ್ಲ ನೀರಲ್ಲಿ ನೆನೆಯಿತು. ಖಾನಾಪುರದ ಹಂಚು ತಂದು ಪೇರಿಸಿಟ್ಟರೆ ಮುಸುವ ಕೋತಿಗಳು ಅದರ ಮೇಲೆ ಕುಣಿದು ಅರ್ಧಕ್ಕರ್ಧ ಒಡೆದವು. ಮೂರು ಕಲ್ಲಿನ ಒಲೆಯ ಮೇಲೆ ನಾನು ಅಡುಗೆಗೆ ಕೂತರೆ ರೊಟ್ಟಿಯ ಬುಟ್ಟಿಗೆ ಇರುವೆ. ಕಲ್ಲು ಎತ್ತಿದಲ್ಲೆಲ್ಲ ಚೇಳು. ಶನಿವಾರ ಮಧ್ಯಾಹ್ನ ಕಚೇರಿ ಬಿಟ್ಟೊಡನೆ ಸಣ್ಣ ಮಗಳನ್ನು ನನ್ನ ತಾಯಿಯ ಮನೆಯಲ್ಲಿ ಬಿಟ್ಟು ಬಸ್ಸು ಹಿಡಿಯುತ್ತಿದ್ದೆವು. ಭಾನುವಾರ ಸಂಜೆ ಮೈತುಂಬ ಕೆಮ್ಮಣ್ಣು ಮೆತ್ತಿಕೊಂಡು ವಾಪಸು ಬರುತ್ತಿದ್ದೆವು. ಆದರೂ ಗೋಡೆಗಳು ಎದ್ದವು. ಪೀರನವಾಡಿಯ ಗೌಂಡಿ ಹಸನ್‌ಸಾಬರು ಇಬ್ಬರು ಆಳುಗಳೊಂದಿಗೆ ಅಲ್ಲೇ ಬಿಡಾರ ಹೂಡಿ, ಕೆಂಪು ಜಂಬಿಟ್ಟಿಗೆ ಕಲ್ಲನ್ನು ಮಣ್ಣಿನ ಕೆಸರಲ್ಲಿ ಕೂಡಿಸಿ ಕಟ್ಟುತ್ತಿದ್ದರು.

ಆ ಭಾನುವಾರ ನಡುತೊಲೆ ಏರಿಸುವುದಿತ್ತು. ಎದುರುಬದುರಿನ ಎರಡು ಗೋಡೆಗಳ ನೆತ್ತಿಯ ಮೇಲೆ ಆ ತೊಲೆ ಕೂತರೆ ಮುಂದೆ ಹಂಚು ಹೊದಿಸುವುದಷ್ಟೇ ಉಳಿಯುತ್ತಿತ್ತು. ಭಾರೀ ಮತ್ತಿಮರದ ತೊಲೆ. ಹಗ್ಗ ಕಟ್ಟಿ ಒಂದು ತುದಿಯನ್ನು ಮೂಡಣ ಗೋಡೆಯ ಮೇಲೆ ಕೂಡಿಸಿದರು. ಇನ್ನೊಂದು ತುದಿಯನ್ನು ಪಡುವಣ ಗೋಡೆಗೆ ಏರಿಸುವಾಗ ನಮ್ಮವರು ಒಳಗೆ ನಿಂತು ಕೆಳಗಿನಿಂದ ಕವೆಗೋಲು ಒತ್ತುತ್ತಿದ್ದರು. ನಾನು ಹೊರಗೆ ಅಕ್ಕಿ ಆರಿಸುತ್ತಿದ್ದೆ.

ಗಾಡಿಯಿಂದ ಕಲ್ಲು ಸುರಿದಂಥ ಸದ್ದು ಕೇಳಿಸಿತು. ತಲೆ ಎತ್ತಿದರೆ ಕೆಂಪು ಧೂಳು ಬಿಟ್ಟು ಏನೂ ಕಾಣಲಿಲ್ಲ.

ಒಳಗೆ ಓಡಿದೆ. ಪಡುವಣ ಗೋಡೆಯ ನೆತ್ತಿ ಕುಸಿದು, ತೊಲೆಯ ಆ ತುದಿ ಕೆಳಗೆ ಬಂದಿತ್ತು. ನಮ್ಮವರು ಗೋಡೆಯ ಬುಡದಲ್ಲಿ ಅಂಗಾತ ಬಿದ್ದಿದ್ದರು. ತೊಲೆ ಅವರ ತೊಡೆಯ ಮೇಲಿತ್ತು. ಸುತ್ತ ಕಲ್ಲು. ಉಳಿದ ಅರ್ಧ ಗೋಡೆ ಬಿರುಕು ಬಿಟ್ಟು, ತೊಲೆಗೆ ಆನಿಕೊಂಡು ಅವರ ಮೇಲೆಯೇ ಒಳಕ್ಕೆ ವಾಲಿತ್ತು. ಒಬ್ಬ ಆಳಿಗೆ ಭುಜಕ್ಕೆ ಪೆಟ್ಟಾಗಿ ಕೈ ಎತ್ತಲು ಬರುತ್ತಿರಲಿಲ್ಲ. ನಾನು ತೊಲೆಗೆ ಕೈ ಹಾಕಿದೆ.

"ಅಕ್ಕಾರ, ಮುಟ್ಟಬ್ಯಾಡ್ರಿ" ಎಂದರು ಹಸನ್‌ಸಾಬರು. "ತೊಲಿ ಅಳ್ಳಾಡಿದ್ರ ಗ್ವಾಡಿ ಮ್ಯಾಲ ಬರತೈತಿ."

ಅವರು ಅಷ್ಟರಲ್ಲಿ ಒಂದು ಗಳವನ್ನು ಗೋಡೆಗೆ ಅಡ್ಡ ಕೊಟ್ಟು, ಅದಕ್ಕೆ ಹೆಗಲು ಆನಿಸಿ ನಿಂತಿದ್ದರು. ಇನ್ನೊಬ್ಬ ಆಳೂ ಮತ್ತೊಂದು ಗಳ ಹಿಡಿದು ಒತ್ತಿ ನಿಂತ. ಇಬ್ಬರೂ ಕೈ ಬಿಡುವಂತಿರಲಿಲ್ಲ. ತೊಲೆ ಎತ್ತುವವರಿರಲಿಲ್ಲ.

ನಮ್ಮವರ ಮುಖ ಬೂದಿಯಾಗಿತ್ತು. ನಾನು ಹತ್ತಿರ ಕೂತಾಗ, "ನೀ ಹೊರಗ ಹೋಗು" ಎಂದರು. ನಾನು ಏಳಲಿಲ್ಲ. "ಕೂಸು ಐತಿ. ನೀ ಒಬ್ಬಾಕಿನರ ಹೊರಗಿರು" ಎಂದರು. ಆ ಮಾತು ಕೇಳಿದಾಗಲೇ ಅವರು ಏನು ಯೋಚಿಸುತ್ತಿದ್ದಾರೆ ಎಂದು ನನಗೆ ತಿಳಿದದ್ದು.

ಪಡುವಣದ ಕಡೆ ಆಕಾಶ ಕಪ್ಪಾಗಿತ್ತು. ಬೇಸಿಗೆಯ ಅಡ್ಡಮಳೆ. ಗೋಡೆ ಕಟ್ಟಿದ್ದು ಬರೀ ಮಣ್ಣಿನಲ್ಲಿ, ನೆನೆದರೆ ನಿಲ್ಲುವುದಲ್ಲ. ಹಸನ್‌ಸಾಬರೂ ಮೋಡವನ್ನೇ ನೋಡುತ್ತಿದ್ದರು. "ರಸ್ತೇಕ ಹೋಗ್ರಿ ಅಕ್ಕಾರ" ಎಂದರು. "ಯಾರ ಸಿಕ್ರೂ ಕರಕೊಂಡ ಬರ್ರಿ. ನಾ ಇದನ್ನ ಬಿಡೂದಿಲ್ಲ."

ಭುಜಕ್ಕೆ ಪೆಟ್ಟಾದ ಆಳಿನ ಕೈಗೆ ನೀರಿನ ತಂಬಿಗೆ ಕೊಟ್ಟು ನಮ್ಮವರ ತಲೆಯ ಹತ್ತಿರ ಕೂಡಿಸಿ, ಜಾಡು ಹಿಡಿದು ಓಡಿದೆ. ಚಪ್ಪಲಿ ಎಲ್ಲಿ ಬಿಟ್ಟೆನೋ ಗೊತ್ತಿಲ್ಲ. ದಾರಿಯಲ್ಲಿ ಒಮ್ಮೆ ಬಿದ್ದೆ. ಓಡುತ್ತಿದ್ದರೂ ಕಿವಿ ಹಿಂದಕ್ಕೇ ಇತ್ತು, ಇನ್ನೊಮ್ಮೆ ಆ ಸದ್ದು ಕೇಳಿಸೀತೇ ಎಂದು.

ರಸ್ತೆ ಖಾಲಿ. ಮುಂಜಾನೆಯ ಬಸ್ಸು ಹೋಗಿಯಾಗಿತ್ತು, ಮುಂದಿನದು ಸಂಜೆಗೆ. ಸ್ವಲ್ಪ ಹೊತ್ತಿಗೆ ಒಂದು ಜೀಪು ಬಂತು. ಕೈ ಬೀಸಿ ಕೂಗಿದೆ. ಅದು ನನ್ನನ್ನು ಬಳಸಿಕೊಂಡು ಮುಂದೆ ಹೋಯಿತು. ತಲೆಗೂದಲು ಬಿಚ್ಚಿ, ಮೈಗೆಲ್ಲ ಕೆಂಪು ಮಣ್ಣಾಗಿ ನಿಂತ ಹೆಂಗಸನ್ನು ಕಂಡು ಅವರು ಏನೆಂದುಕೊಂಡರೋ. ಗಾಳಿ ಬೀಸತೊಡಗಿತ್ತು. ಮಣ್ಣಿನ ವಾಸನೆ ಬಂತು, ಎಲ್ಲೋ ಆಗಲೇ ಮಳೆ ಬಿದ್ದಿತ್ತು.

ಆಮೇಲೆ ಹಲಗೆವಾದ್ಯದ ಬಡಿತ ಕೇಳಿಸಿತು. ಖಾನಾಪುರದ ಕಡೆಯಿಂದ ಒಂದು ಲಾರಿ, ಮುಂದೆ ಬಾಳೆಕಂಬ ಕಟ್ಟಿ, ಹಿಂದೆ ತುಂಬ ಮಂದಿ. ಈ ಸಲ ನಾನು ಬದಿಗೆ ನಿಲ್ಲಲಿಲ್ಲ. ರಸ್ತೆಯ ನಡುವೆ ಎರಡೂ ಕೈ ಎತ್ತಿ ನಿಂತೆ. ಲಾರಿ ನನ್ನ ಮುಂದೆ, ಕೈಗೆ ತಾಕುವಷ್ಟು ಹತ್ತಿರ ಬಂದು ನಿಂತಿತು. ಹಲಗೆ ನಿಂತಿತು.

"ನಮ್ಮ ಯಜಮಾನ್ರು ತೊಲಿ ಬುಡಕ ಸಿಕ್ಕಾರ್ರೀ" ಎಂದೆ. "ಗ್ವಾಡಿ ಬೀಳಾಕ ಬಂದೈತಿ. ಎತ್ತಾಕ ಮಂದಿ ಇಲ್ರೀ."

ಮುಂದೆ ಕೂತಿದ್ದ ಹಿರಿಯರೊಬ್ಬರು ಕೆಳಗಿಳಿದರು. ಮದುಮಗನ ಸೋದರಮಾವ. "ತಂಗಿ, ಮದವಿಗೆ ಹೊಂಟೀವಿ. ಮುಹೂರ್ತ ಮೀರತೈತಿ. ಮುಂದಿನ ಊರಾಗ ಹೇಳಿ ಮಂದಿ ಕಳಸ್ತೀವಿ."

"ಅವರು ಬರೂದ್ರಾಗ ಮಳಿ ಬರತೈತ್ರೀ. ಮಣ್ಣಿನ ಗ್ವಾಡಿ ಅದು."

ಅವರು ಮೋಡ ನೋಡಿದರು, ನನ್ನನ್ನು ನೋಡಿದರು. ಕೆಟ್ಟ ಮನುಷ್ಯರೇನಲ್ಲ, ಸಂಕಟ ಅವರ ಮುಖದಲ್ಲಿ ಕಾಣುತ್ತಿತ್ತು. "ಮಂಗಲ ಕಾರ್ಯಕ್ಕ ಹೋಗೂ ಮುಂದ ನೆತ್ತರ ನೋಡಬಾರದು ಅಂತಾರ" ಎಂದರು ಮೆಲ್ಲಗೆ.

ಆಗ ಅವರ ಹಿಂದಿನಿಂದ ಒಬ್ಬ ಹೆಂಗಸು ಇಳಿದಳು. ಹಸಿರು ಇಳಕಲ್ ಸೀರೆ, ಹಣೆತುಂಬ ಕುಂಕುಮ. ಮದುಮಗನ ತಾಯಿ ನೀಲವ್ವ. ಅವಳು ಅಣ್ಣನಿಗೆ ಹೇಳಿದ ಮಾತು ನನಗೆ ಇಂದಿಗೂ ಅಕ್ಷರಶಃ ನೆನಪಿದೆ. "ನೋಡಬಾರದು ಅಂತ ಹಂಗ ಹೋದ್ರ, ಹಂದರದಾಗ ಕುಂತಾಗ ನಿನ್ನ ಕಣ್ಣಿಗೆ ಏನ ಕಾಣತೈತಿ ಅಣ್ಣಾ?" ಆಮೇಲೆ ಲಾರಿಯ ಕಡೆ ತಿರುಗಿ, "ಗಂಡಸರೆಲ್ಲಾ ಇಳೀರಿ" ಎಂದಳು.

ಮೊದಲು ಜಿಗಿದವನು ಮದುಮಗನೇ. ಮಲ್ಲಪ್ಪ ಎಂದು ಅವನ ಹೆಸರು. ಕೆನ್ನೆಯ ಮೇಲೆ ಅರಿಶಿನ ಇನ್ನೂ ಹಸಿಯಾಗಿತ್ತು. ತಲೆಯ ರುಮಾಲು ತೆಗೆದು ತಾಯಿಯ ಕೈಗೆ ಕೊಟ್ಟ. "ಎತ್ತಲಾಗ ಅಕ್ಕಾ?" ಎಂದ. ಚಾಲಕ ಲಾರಿಯ ಹಗ್ಗಗಳನ್ನು ಬಿಚ್ಚಿಕೊಂಡ, ಇನ್ನೊಬ್ಬ ಕೂಡಲು ಹಾಸಿದ್ದ ಜಮಖಾನೆಯನ್ನು ಹೆಗಲಿಗೇರಿಸಿದ. ನಾವು ಗುಡ್ಡ ಹತ್ತಿದೆವು. ಹೊಸ ಬಟ್ಟೆ ಉಟ್ಟ ಅಷ್ಟು ಜನ ಒಂದೂ ಮಾತಿಲ್ಲದೆ ಓಡುವುದನ್ನು ನಾನು ಮತ್ತೆಂದೂ ನೋಡಿಲ್ಲ.

ಗೋಡೆ ನಿಂತಿತ್ತು. ಹಸನ್‌ಸಾಬರು ಹಾಗೆಯೇ ಗಳಕ್ಕೆ ಹೆಗಲು ಕೊಟ್ಟು ನಿಂತಿದ್ದರು. ಅಂಗಿ ಹರಿದು, ಹೆಗಲಿನಿಂದ ನೆತ್ತರು ಇಳಿಯುತ್ತಿತ್ತು. ನಮ್ಮವರು ಕಣ್ಣು ಮುಚ್ಚಿದ್ದರು. ಹೆಸರು ಹಿಡಿದು ಕರೆಯುವ ರೂಢಿ ನಮ್ಮಲ್ಲಿಲ್ಲ. ಅಂದು ಕರೆದೆ. ಕಣ್ಣು ತೆರೆದರು.

ಮಳೆಯ ಮೊದಲ ಹನಿಗಳು ಬಿದ್ದವು, ದಪ್ಪ ಹನಿಗಳು. ಕೆಂಪು ಕಲ್ಲಿನ ಮೇಲೆ ಅವು ಬಿದ್ದ ಗುರುತು ಒಂದೊಂದೇ ಕಾಣುತ್ತಿತ್ತು. ಅರ್ಧ ಜನ ಗೋಡೆಗೆ ಗಳ ಕೊಟ್ಟರು. ಉಳಿದವರು ತೊಲೆಗೆ ಹಗ್ಗ ಹಾಕಿ ಹಿಡಿದರು. ಮಲ್ಲಪ್ಪ ಒಳಗೆ ನುಸುಳಿ ನಮ್ಮವರ ಕಂಕುಳಲ್ಲಿ ಕೈ ತೂರಿಸಿದ. ಹೊರಗೆ ನಿಂತಿದ್ದ ಅವನ ಮಾವ ಅದನ್ನು ಕಂಡು ತಾವೂ ಹೋಗಿ ಹಗ್ಗ ಹಿಡಿದರು.

"ಜಗ್ಗಬ್ಯಾಡ್ರಿ, ಎತ್ರಿ" ಎಂದರು ಹಸನ್‌ಸಾಬರು. "ಸಾವಕಾಶ. ಎಲ್ಲಾರೂ ಕೂಡೇ."

ತೊಲೆ ಮೇಲೆದ್ದಿತು. ಗೋಡೆಯಿಂದ ಮಣ್ಣು ಉದುರಿತು. ಒಂದು ಕಲ್ಲು ಜಾರಿ ಮಲ್ಲಪ್ಪನ ಬೆನ್ನಿನ ಪಕ್ಕದಲ್ಲಿ ಬಿತ್ತು. ಅವನು ತಿರುಗಿ ನೋಡಲಿಲ್ಲ. ನಮ್ಮವರು ಕೂಗಿದರು, ಅಂಥ ಕೂಗನ್ನು ನಾನು ಅವರ ಬಾಯಲ್ಲಿ ಕೇಳಿರಲಿಲ್ಲ. ಮರುಗಳಿಗೆಯಲ್ಲಿ ಇಬ್ಬರೂ ಹೊರಗಿದ್ದರು. ತೊಲೆ ಇಳಿಸಿ, ಗಳ ಹಿಡಿದವರು ಒಬ್ಬೊಬ್ಬರಾಗಿ ಹಿಂದೆ ಸರಿದರು. ಕೊನೆಗೆ ಬಂದವರು ಹಸನ್‌ಸಾಬರು.

ಏಣಿಯ ಮೇಲೆ ದಿಬ್ಬಣದ ಜಮಖಾನೆ ಹಾಸಿ ನಮ್ಮವರನ್ನು ಮಲಗಿಸಿ ಹೊತ್ತರು. ಮಳೆ ಜೋರಾಯಿತು. ಜಾಡಿನ ಅರ್ಧಕ್ಕೆ ಬರುವಾಗ ಹಿಂದೆ ಗೋಡೆ ಕುಸಿದ ಸದ್ದು ಕೇಳಿಸಿತು. ಹೊತ್ತವರು ಒಂದು ಕ್ಷಣ ನಿಂತರು, ಮತ್ತೆ ನಡೆದರು.

ರಸ್ತೆಗೆ ಬಂದಾಗ ಇನ್ನೊಂದು ಕಷ್ಟ. ಮದುವೆಯ ಊರು ಪಡುವಣಕ್ಕೆ, ದವಾಖಾನೆ ಖಾನಾಪುರದಲ್ಲಿ, ಮೂಡಣಕ್ಕೆ. ಇಷ್ಟು ಮಾಡಿದವರನ್ನು ಇನ್ನೂ ಕೇಳುವುದು ಹೇಗೆ ಎಂದು ನಾನು ನಿಂತಿದ್ದೆ. ಆ ಸೋದರಮಾವನೇ ಚಾಲಕನಿಗೆ, "ಲಾರಿ ತಿರುಗಸು" ಎಂದರು.

ನೀಲವ್ವ ನನ್ನ ಜೊತೆ ಹತ್ತಿದಳು. ನಮ್ಮವರ ತಲೆಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಖಾನಾಪುರ ಬರುವವರೆಗೂ ಸೆರಗಿನಿಂದ ಮಳೆ ಮರೆ ಮಾಡಿದಳು. ಲಾರಿ ತಿರುಗಿದಾಗ ಹಿಂದೆ ನೋಡಿದೆ. ಮದುಮಗ, ಅವನ ಮಾವ, ಉಳಿದವರೆಲ್ಲ ರಸ್ತೆಬದಿಯ ಮರದ ಕೆಳಗೆ ಒತ್ತಾಗಿ ನಿಂತಿದ್ದರು. ಹಲಗೆ ನೆನೆಯದಂತೆ ಯಾರೋ ಅದರ ಮೇಲೆ ಹೊಸ ಶಲ್ಯ ಹೊದಿಸಿದ್ದರು.

ದವಾಖಾನೆಯ ಬಾಗಿಲಲ್ಲಿ ನನ್ನ ಕೆನ್ನೆ ಸವರಿ ನೀಲವ್ವ ಹೊರಟುಹೋದಳು. ಬೀಡಿ ಎಂಬ ಊರಿನ ಹತ್ತಿರದವರು ಎಂದು ತಿಳಿದದ್ದಷ್ಟೇ. ಅಲ್ಲಿಂದ ಬೆಳಗಾವಿಯ ಆಸ್ಪತ್ರೆ, ಪ್ಲಾಸ್ಟರು, ತಿಂಗಳುಗಟ್ಟಲೆ ಹಾಸಿಗೆ. ನಮ್ಮವರು ಕೊನೆಯವರೆಗೂ ಸ್ವಲ್ಪ ಕುಂಟುತ್ತಲೇ ನಡೆದರು. ಖೋಲಿಯನ್ನು ಮರುವರ್ಷ ಹಸನ್‌ಸಾಬರೇ ಬಂದು ಕಟ್ಟಿಕೊಟ್ಟರು, ಮೊದಲಿಗಿಂತ ಗಿಡ್ಡವಾಗಿ.

ನಮ್ಮವರು ಕೋಲು ಹಿಡಿದು ನಡೆಯುವಂತಾದ ಮೇಲೆ ಇಬ್ಬರೂ ಬಸ್ಸು ಹತ್ತಿ ಬೀಡಿಗೆ ಹೋದೆವು. ಮದುವೆಯ ಲಾರಿ ತಿರುಗಿಸಿದವರ ಮನೆ ಎಂದು ಕೇಳಿದರೆ ಸಾಕಾಯಿತು, ಕೇಳಿದವರೆಲ್ಲ ದಾರಿ ತೋರಿಸಿದರು. ಬಾಗಿಲು ತೆಗೆದವಳು ಹೊಸ ಸೊಸೆ, ಗಂಗವ್ವ. ಗಂಡ, ಅತ್ತೆ ಹೊಲಕ್ಕೆ ಹೋಗಿದ್ದರು. ಕರೆಕಳಿಸಿ, ನಮಗೆ ಚಹಾ ಮಾಡಿ ಕೊಟ್ಟು, ಕಂಬಕ್ಕೆ ಒರಗಿ ನಿಂತಳು.

"ಮುಹೂರ್ತ ತಪ್ತಲ್ಲವ್ವಾ, ಆಮೇಲೆ ಹೆಂಗಾತು?" ಎಂದು ಕೇಳಿದೆ.

"ಗೋಧೂಳಿ ಲಗ್ನ ಆತ್ರೀ" ಎಂದಳು. ನಮ್ಮ ಚಹಾದ ಬಟ್ಟಲು ಎತ್ತಿಟ್ಟು ಮಾತು ಮುಂದುವರಿಸಿದಳು. "ಮಧ್ಯಾಹ್ನ ಯಾರೂ ಬರಲಿಲ್ಲ. ಸುದ್ದಿನೂ ಇಲ್ಲ. ಹುಡುಗ ಒಲ್ಲೆ ಅಂದು ಓಡಿ ಹೋಗ್ಯಾನ ಅಂದ್ರು ಮಂದಿ. ನಮ್ಮಪ್ಪ ಗ್ವಾಡಿ ಕಡೆ ಮಾರಿ ಮಾಡಿ ಕುಂತಬಿಟ್ಟ. ನಮ್ಮವ್ವ ನನ್ನ ಕೈಯಾಗಿನ ಹಸರ ಬಳಿ ನೋಡಿ ನೋಡಿ ಅತ್ಲು. ಸಂಜೀಕ ಲಾರಿ ಬಂತು. ಇವರ ಅಂಗಿ ತುಂಬ ಕೆಮ್ಮಣ್ಣು, ನೆತ್ತರ."

"ಸಿಟ್ಟ ಬರಲಿಲ್ಲೇನ?" ಎಂದರು ನಮ್ಮವರು.

"ಬಂತ್ರೀ. ಮಧ್ಯಾಹ್ನೆಲ್ಲಾ ಬಂತು. ವಿಷಯ ಕೇಳಿದ ಮ್ಯಾಲ ಹೋತು." ಅವಳು ನಮ್ಮವರ ಕಾಲು ನೋಡಿದಳು. "ಗುರುತಿಲ್ಲದವರ ಸಲುವಾಗಿ ಗ್ವಾಡಿ ಬುಡಕ ಹೋದಾವ್ರು ನನ್ನ ಕೈ ಬಿಡೂದಿಲ್ಲ ಅನಿಸ್ತು. ಆ ಧೈರ್ಯದ ಮ್ಯಾಲ ತಲಿ ಬಾಗಿಸಿ ತಾಳಿ ಕಟ್ಟಿಸಿಕೊಂಡೆ."

ಅಂದು ನಾವು ಊಟ ಮಾಡಿಯೇ ಹೊರಟೆವು. ನೀಲವ್ವ ನನಗೆ ಉಡಿ ತುಂಬಿದಳು.

ಅಲ್ಲಿಯವರೆಗೆ, ನಮ್ಮನ್ನು ಉಳಿಸಿದವರು ಯಾರು ಎಂದು ಯಾರಾದರೂ ಕೇಳಿದರೆ ಹಸನ್‌ಸಾಬರು, ನೀಲವ್ವ, ಮಲ್ಲಪ್ಪ, ಆ ಹಿರಿಯರು, ಆ ಚಾಲಕ ಎಂದು ಹೇಳುತ್ತಿದ್ದೆ. ಆ ಮಧ್ಯಾಹ್ನ ಕೈತುಂಬ ಹಸಿರು ಬಳೆ ತೊಟ್ಟು, ಊರವರ ಮಾತನ್ನೆಲ್ಲ ಕೇಳಿಕೊಂಡು ಕಾಯುತ್ತ ಕೂತಿದ್ದ ಹುಡುಗಿ ನನಗೆ ಹೊಳೆದೇ ಇರಲಿಲ್ಲ. ಈಗ ಹೇಳುವಾಗ ಅವಳ ಹೆಸರನ್ನೇ ಮೊದಲು ಹೇಳುತ್ತೇನೆ.